ಲ್ಯೂಥೆನ್ನಿನ ಎಡ ರೆಕ್ಕೆ

ಪೋರ್ಟರ್ ರ್ಯಾಂಚ್
೧೪ ಆಗಸ್ಟ್ ೨೦೨೨

ಬಾಲಣ್ಣನವರಿಗೆ ಶರಣು.

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದಿರಲ್ಲ, ನಿಮಗೆ ಒಳ್ಳೆಯದಾಗುವುದಿಲ್ಲ. ಆರನೇ ಇಯತ್ತೆ ಮುಗಿಯುವ ಮುಂಚೆ ಶಾಲೆ ಬಿಟ್ಟವನು ನಾನು. ಆಮೇಲೆ ಈ ಬೆರಳು ಕ್ಲಾರಿನೆಟ್ಟಿನ ತೂತು ಮುಚ್ಚಿದವೇ ಹೊರತು ಅಕ್ಷರ ತಿದ್ದಿದವಲ್ಲ. ಫೋನ್ ಮಾಡಿದರೆ ನಿಮಗೆ ಕೇಳುವುದಿಲ್ಲ. ನಾನು ಮದ್ದು ಅಂದರೆ ನೀವು ಮುದ್ದೆ ತಿನ್ನುವುದು ಬಿಟ್ಟು ವರ್ಷವಾಯಿತು ಅನ್ನುತ್ತೀರಿ. ವಿಡಿಯೋ ಮಾಡೋಣ ಅಂದರೆ ತುಟಿ ನೋಡಿ ಮಾತು ತಿಳಿದುಕೊಳ್ಳುವವರು ನೀವು, ನನ್ನ ಮೀಸೆ ತುಟಿ ಮುಚ್ಚುತ್ತದಂತೆ. ಮೀಸೆ ಬೋಳಿಸುವುದಕ್ಕಿಂತ ಬರೆಯುವುದು ಮೇಲು ಅಂತ ಕೂತಿದ್ದೇನೆ. ಓದಲು ಬರದಿದ್ದರೆ ನನ್ನನ್ನು ಬೈಯಬೇಡಿ.

ಕೆಲಸದ ಮಾತು. ಇಲ್ಲಿಯ ಕನ್ನಡ ಸಂಘದವರು ಒಪ್ಪಿದ್ದಾರೆ. ನವೆಂಬರ್ ಹನ್ನೆರಡಕ್ಕೆ ವೆಸ್ಟ್ ಕೊವಿನಾದ ಸಭಾಭವನದಲ್ಲಿ ರಾಜ್ಯೋತ್ಸವ. ಪುಳಿಯೋಗರೆ ಕೌಂಟರಿನ ಪಕ್ಕ ನಮಗೆ ಉದ್ದನೆಯ ಎರಡು ಟೇಬಲ್. ಅಧ್ಯಕ್ಷರು ಕೇಳಿದರು, "ರಾಜ್ಯೋತ್ಸವಕ್ಕೂ ಯುರೋಪಿನ ಯುದ್ಧಕ್ಕೂ ಏನ್ ಸಂಬಂಧ ಅಂಕಲ್?" ನಾನು, "ನಿಮ್ಮ ಫ್ಯಾಷನ್ ಶೋಗೂ ಭುವನೇಶ್ವರಿಗೂ ಏನು ಸಂಬಂಧವೋ ಅದೇ" ಅಂದೆ. ಎರಡು ಟೇಬಲ್ ಅಂತ ಬರೆದುಕೊಂಡರು.

ನಿಮ್ಮ ಮನೆಯಲ್ಲಿ ಆ ಹೆಬ್ಬೆರಳುದ್ದದ ಸೀಸದ ಸಿಪಾಯಿಗಳನ್ನು ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ. ಆಮೇಲೆ ಅವರ ಕೋಟು ನೋಡಿದೆ. ಬಿಳಿ ಕೋಟು, ಕೆಂಪು ತೋಳುಪಟ್ಟಿ, ಎದೆಯ ಮೇಲೆ ಅಡ್ಡಪಟ್ಟಿ, ಹಿತ್ತಾಳೆ ಗುಂಡಿ. ರಾಣೆಬೆನ್ನೂರಿನಲ್ಲಿ ನನ್ನ ಬ್ಯಾಂಡ್ ಸೆಟ್ಟಿನವರಿಗೆ ನಾನು ಹೊಲಿಸಿದ್ದು ಇದೇ ಕೋಟು! "ನಿಮ್ಮ ಮದುವೆ ಬ್ಯಾಂಡಿಗೆ ಕೋಟು ಕೊಟ್ಟವರೇ ಇವರು, ಕರಿಬಸಪ್ಪನವರೇ" ಅಂದಿರಿ. ಆ ಒಂದು ಮಾತಿಗೆ ಸಿಕ್ಕಿಬಿದ್ದು ಈಗ ಮಗಳ ಗ್ಯಾರೇಜಿನಲ್ಲಿ ಕೂತು ಆಸ್ಟ್ರಿಯದ ಸೈನ್ಯಕ್ಕೆ ಬಣ್ಣ ಬಳಿಯುತ್ತಿದ್ದೇನೆ. ನೀವು ಪ್ರಷ್ಯದ ರಾಜನ ಕಡೆ, ನಾನು ಅವನ ಮೇಲೆ ಬಂದ ದೊಡ್ಡ ಸೈನ್ಯದ ಕಡೆ. ಅಂದು ಎರಡನ್ನೂ ಲ್ಯೂಥೆನ್ ಯುದ್ಧದಲ್ಲಿದ್ದಂತೆ ಎದುರುಬದುರು ನಿಲ್ಲಿಸುವುದು.

ನನ್ನ ಬಿಳಿ ಕೋಟಿನವರ ಫೋಟೋ ದ್ರಾಕ್ಷಾಯಣಿ ನಿಮ್ಮ ಆರತಿಗೆ ಕಳಿಸಿದ್ದಾಳೆ. ಮಗಳು ಮಗಳಿಗೆ ಕಳಿಸಿ, ಆಮೇಲೆ ಅಪ್ಪಂದಿರು ನೋಡಬೇಕು. ಇದು ನಮ್ಮ ಕಾಲ. ನಿಮ್ಮವರು ಹೇಗೆ ನಿಲ್ಲುತ್ತಾರೆ ಬರೆಯಿರಿ.

ಕರಿಬಸಪ್ಪ


ಕಾರ್ಮೆಲ್ ವ್ಯಾಲಿ
೨ ಸೆಪ್ಟೆಂಬರ್ ೨೦೨೨

ಪ್ರಿಯ ಕರಿಬಸಪ್ಪನವರಿಗೆ ನಮಸ್ಕಾರ.

ನಿಮ್ಮ ಅಕ್ಷರ ಚೆನ್ನಾಗಿಯೇ ಇದೆ. ಕೋಪದಲ್ಲಿ ಬರೆದದ್ದರಿಂದ ದುಂಡಗೆ ಬಂದಿದೆ.

ಸೈನ್ಯ ನಿಲ್ಲುವ ಕ್ರಮ ಹೀಗೆ. ಆಗಿನ ಬಂದೂಕಿಗೆ ಗುರಿ ಎಂಬುದಿಲ್ಲ. ಒಬ್ಬ ಹೊಡೆದರೆ ಕಾಗೆ ಹಾರೀತು, ಅಷ್ಟೆ. ಒಂದು ಸಾಲು ಪೂರಾ ಒಟ್ಟಿಗೆ ಹೊಡೆಯಬೇಕು. ಆದ್ದರಿಂದ ಕಾಲಾಳುಗಳು ಮೂರು ಆಳಿನ ದಪ್ಪಕ್ಕೆ, ಉದ್ದಕ್ಕೆ, ಹೆಗಲಿಗೆ ಹೆಗಲು ತಾಗಿಸಿ ನಡುವೆ ನಿಲ್ಲುತ್ತಾರೆ. ಅವರ ಹಿಂದೆ ಅಂಥದ್ದೇ ಎರಡನೆಯ ಸಾಲು. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತ ಬೆನ್ನ ಹಿಂದೆ ನಿಂತವರಿಲ್ಲವೇ, ಹಾಗೆ. ಎರಡು ತುದಿಗೂ ಕುದುರೆಯವರು. ಆ ತುದಿಗಳಿಗೆ ರೆಕ್ಕೆ ಎಂದು ಹೆಸರು. ಯಾರ ಪಕ್ಕ ಯಾರು ಎನ್ನುವುದರಲ್ಲಿ ಹಿರಿತನವಿದೆ. ಬಲ ತುದಿ ಮರ್ಯಾದೆಯ ಜಾಗ. ಅದಕ್ಕಾಗಿ ಸರದಾರರು ಬೀಗರಂತೆ ಮುನಿಸಿಕೊಂಡದ್ದೂ ಉಂಟು.

ನಿಮ್ಮ ಸೈನ್ಯ ಬಹಳ ಉದ್ದ. ಒಂದು ತುದಿಯ ಕೂಗು ಇನ್ನೊಂದು ತುದಿಗೆ ಮುಟ್ಟುವುದಿಲ್ಲ. ನಮ್ಮದು ಅದರ ಅರ್ಧ. ಆದ್ದರಿಂದ ರಾಜ ಗುಡ್ಡದ ಮರೆಯಲ್ಲಿ ನಡೆದು ನಿಮ್ಮ ಎಡ ತುದಿಗೆ ಬರುತ್ತಾನೆ. ನಮ್ಮ ಬಲಗಡೆಯವರು ಮುಂದೆ, ಅವರ ಪಕ್ಕದ ತುಕಡಿ ಒಂದಿಷ್ಟು ಹಿಂದೆ, ಅದರ ಪಕ್ಕದ್ದು ಇನ್ನೂ ಹಿಂದೆ, ಮೆಟ್ಟಿಲಿನ ಹಾಗೆ.

ನಮ್ಮ ಎಡ ರೆಕ್ಕೆ ರಿಫ್ಯೂಸ್ ಆಗಿದೆ. ಅವರನ್ನು ನೂಕಲು ಹೋಗಬಾರದು, ಅವರ ಹೊತ್ತು ಬಂದಾಗ ಬರುತ್ತಾರೆ. ಮೊನ್ನೆ ಸಂಜೆಯೆಲ್ಲ ಅವರ ಜೊತೆಯೇ ಕೂತಿದ್ದೆ. ಆರತಿ ಬಾಗಿಲಲ್ಲಿ ನಿಂತು ನೋಡಿ ಹೋದಳು. ಸ್ಟೌ ಮೇಲೆ ಹಾಲಿಟ್ಟಿದ್ದು ಮರೆತಿದ್ದೆ; ಪಾತ್ರೆ ಸುಟ್ಟಿತು.

ಒಂದು ತಪ್ಪು. ನೀವು ಎಲ್ಲರಿಗೂ ಬಿಳಿ ಬಳಿದಿದ್ದೀರಿ. ನಿಮ್ಮ ಎಡ ತುದಿಯಲ್ಲಿರುವವರು ವ್ಯುರ್ಟೆಂಬರ್ಗ್ ಎಂಬ ಸೀಮೆಯಿಂದ ಕರೆಸಿದವರು, ಅವರದು ನೀಲಿ ಕೋಟು. ದಯವಿಟ್ಟು ಮತ್ತೆ ಬಳಿಯಿರಿ. ಗುಂಡಿಗಳೂ ಒಂದಕ್ಕೊಂದು ಅಂಟಿಕೊಂಡಿವೆ.

ನಿಮ್ಮ
ಬಾಲಸುಬ್ರಹ್ಮಣ್ಯ


ಪೋರ್ಟರ್ ರ್ಯಾಂಚ್
೧೮ ಸೆಪ್ಟೆಂಬರ್ ೨೦೨೨

ಬಾಲಣ್ಣನವರಿಗೆ.

ಮತ್ತೆ ಬಳಿಯಬೇಕಂತೆ! ಸೆಪ್ಟೆಂಬರಿನಲ್ಲೂ ಬಿಡದ ಇಲ್ಲಿಯ ಬೇಸಿಗೆಯ ಗ್ಯಾರೇಜು ಅಂದರೆ ಏನು ಅಂತ ಸಮುದ್ರದ ಗಾಳಿ ಕುಡಿಯುವ ನಿಮಗೆ ಗೊತ್ತಿಲ್ಲ. ಇಲ್ಲಿ ಬಣ್ಣ ಕುಂಚದಲ್ಲೇ ಒಣಗುತ್ತದೆ. ನಲವತ್ತು ವರ್ಷ ಬ್ಯಾಂಡ್ ನಡೆಸಿದವನಿಗೆ ಕೋಟಿನ ಗುಂಡಿ ಕಲಿಸಬೇಡಿ. ನನ್ನ ಕಣ್ಣಿಗೆ ಗುಂಡಿ ಅಂಟಿದ್ದು ಕಾಣಲಿಲ್ಲ. ನಿಮಗೆ ಫೋಟೋದಲ್ಲೇ ಕಂಡಿತು.

ಇನ್ನು ನಿಮ್ಮ ಎಡಗಡೆಯವರ ವಿಚಾರ. ರಿಫ್ಯೂಸ್ ಮಾಡಿದ್ದಾರೆ ಅಂತ ಬರೆದಿದ್ದೀರಿ. ರಿಫ್ಯೂಸ್ ಆಗುವುದು ವೀಸಾ. ನಮ್ಮ ಅಳಿಯ ವಿಕಾಸನ ತಮ್ಮನದು ಚೆನ್ನೈಯಲ್ಲಿ ಎರಡು ಸಲ ಆಯಿತು. ಸೀಸದ ಸಿಪಾಯಿ ಒಲ್ಲೆ ಅಂದದ್ದನ್ನು ನಾನು ಕೇಳಿಲ್ಲ. ನೀವು ಸಂಜೆಯೆಲ್ಲ ಕೂತು ಅವರನ್ನು ಒಪ್ಪಿಸುತ್ತಿದ್ದಿರೋ?

ಆರತಿ ಫೋನ್ ಮಾಡಿದ್ದಳು. ಹೀಗೇ, ಕ್ಷೇಮಸಮಾಚಾರ. ಹಬ್ಬಕ್ಕೆ ಕಡುಬು ಮಾಡಿದ್ದಳಂತೆ. ಬೇರೇನಿಲ್ಲ.

ನೀಲಿ ಬಣ್ಣ ತರಿಸಿದ್ದೇನೆ. ಬಳಿಯುತ್ತೇನೋ ಇಲ್ಲವೋ ನೋಡೋಣ.

ಕರಿಬಸಪ್ಪ


ಕಾರ್ಮೆಲ್ ವ್ಯಾಲಿ
೯ ಅಕ್ಟೋಬರ್ ೨೦೨೨

ಕರಿಬಸಪ್ಪನವರೇ,

ನನ್ನನ್ನು ಡಾಕ್ಟರ ಬಳಿ ಕರೆದೊಯ್ದರು. ಕಿವಿಯ ಡಾಕ್ಟರಲ್ಲ, ತಲೆಯವರು. ಮುಖಕ್ಕೆ ಮಾಸ್ಕ್ ಹಾಕಿದ್ದರು. ಅವರ ಹುಬ್ಬು ಮೇಲೆ ಕೆಳಗೆ ಆಗುತ್ತಿದ್ದುದು ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ. ಮೂರು ಪದ ಹೇಳಿ, ನೆನಪಿಟ್ಟುಕೊಳ್ಳಿ ಎಂದರಂತೆ. ನಾನು ಮೂರು ಸಲ ಥ್ಯಾಂಕ್ಯೂ ಎಂದೆನಂತೆ. ಡೇಟ್ ಎಂದದ್ದು ಹೇಗೋ ಕೇಳಿಸಿತು. ಟೇಬಲ್ಲಿನ ವಿಚಾರ ಕೇಳುತ್ತಿದ್ದಾರೆಂದುಕೊಂಡು ಡಿಸೆಂಬರ್ ಐದು, ಸಾವಿರದ ಏಳುನೂರ ಐವತ್ತೇಳು ಎಂದೆ. ಯುದ್ಧ ಅವತ್ತೇ ಅಲ್ಲವೇ? ಆರತಿ ಅಳಲು ಶುರು ಮಾಡಿದಳು.

ಮನೆಗೆ ಬಂದ ಮೇಲೆ ಕಾಗದದ ಮೇಲೆ ಬರೆದು ಕೇಳಿದಳು: "ಅಪ್ಪಾ, ಸೋಲ್ಜರ್ಸ್ ನಿನ್ನ ಜೊತೆ ಮಾತಾಡ್ತಾರಾ?" ಇದು ಅವಳ ತಲೆಯಲ್ಲಿ ಹುಟ್ಟುವ ಪ್ರಶ್ನೆಯಲ್ಲ. ಯಾರೋ ಏನೋ ಹೇಳಿದ್ದಾರೆ. ಕೇಳಿದರೆ ಹೇಳುವುದಿಲ್ಲ.

ನಿಮ್ಮಿಂದ ಒಂದು ಉಪಕಾರವಾಗಬೇಕು. ನನ್ನ ಜೊತೆ ಈ ಎರಡು ತಿಂಗಳು ಕಾಗದದ ವ್ಯವಹಾರ ಮಾಡಿದವರು ನೀವೊಬ್ಬರೇ. ನನ್ನ ಬುದ್ಧಿ ನೆಟ್ಟಗಿದೆ ಎಂದು ಅವಳಿಗೆ ಎರಡು ಸಾಲು ಬರೆಯಿರಿ. ನೀವು ಹೇಳಿದರೆ ನಂಬುತ್ತಾಳೆ. ಮುಚ್ಚುಮರೆ ಇಲ್ಲದವರು ಎಂದು ನಿಮಗೆ ಹೆಸರಿದೆ.

ಬಾಲು


ಪೋರ್ಟರ್ ರ್ಯಾಂಚ್
೩೦ ಅಕ್ಟೋಬರ್ ೨೦೨೨

ಬಾಲಣ್ಣನವರಿಗೆ.

ಕಾಗದ ತಡವಾಯಿತು. ನೆಗಡಿ ಆಗಿತ್ತು.

ನೀಲಿ ಬಳಿದೆ. ಆ ಎಡ ತುದಿಯವರೆಲ್ಲರಿಗೂ ಬಳಿದೆ. ಗುಂಡಿಗಳನ್ನು ಸೂಜಿಯ ಮೊನೆಯಿಂದ ಬಿಡಿಸಿದ್ದೇನೆ, ಈಗ ಒಂದೊಂದೂ ಬೇರೆ ಬೇರೆ ಕಾಣುತ್ತವೆ. ನಗಾರಿಯವನ ಕೋಲು ಮುರಿದಿತ್ತು, ಹಲ್ಲುಕಡ್ಡಿ ಅಂಟಿಸಿದೆ. ಇಲ್ಲಿ ಬಿಸಿಲು ಇಳಿದಿದೆ.

ಡಾಕ್ಟರು ಓದಿದವರು, ಆರತಿಯೂ ಓದಿದವಳು. ನಡುವೆ ನಾನು ಏನು ಬರೆಯಲಿ? ಒಂದು ಬರೆಯಲು ಹೋಗಿ ಇನ್ನೊಂದಾದರೆ ಕಷ್ಟ. ಮಕ್ಕಳು ಹೇಳಿದಂತೆ ಸ್ವಲ್ಪ ದಿನ ಕೇಳಿ. ಎಲ್ಲ ಸರಿಹೋಗುತ್ತದೆ.

ಹನ್ನೆರಡಕ್ಕೆ ವೆಸ್ಟ್ ಕೊವಿನಾದಲ್ಲಿ ಸಿಗೋಣ.

ಕರಿಬಸಪ್ಪ


ಕಾರ್ಮೆಲ್ ವ್ಯಾಲಿ
೨೦ ನವೆಂಬರ್ ೨೦೨೨

ಕರಿಬಸಪ್ಪ ಅಂಕಲ್‌ಗೆ ಆರತಿಯ ನಮಸ್ಕಾರಗಳು.

ಕನ್ನಡದಲ್ಲಿ ಬರೆದು ಎಷ್ಟೋ ವರ್ಷವಾಯಿತು, ತಪ್ಪಿದ್ದರೆ ಕ್ಷಮಿಸಿ. ರಾಜ್ಯೋತ್ಸವಕ್ಕೆ ನಾವು ಬರಲಿಲ್ಲ. ನೀವು ಖಾಲಿ ಟೇಬಲ್ ಎದುರು ಕೂತಿದ್ದಿರಿ ಎಂದು ದ್ರಾಕ್ಷಾಯಣಿ ಹೇಳಿದಳು. ಸಾರಿ ಅಂಕಲ್. ಅಪ್ಪನನ್ನು ಪೊವೇ ಹತ್ತಿರ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಒಂದು ಮೆಮೊರಿ ಕೇರ್ ಹೋಮ್‌ಗೆ ಸೇರಿಸಿದ್ದೇವೆ. ಜಾಗ ನೀಟಾಗಿದೆ, ಸೊಪ್ಪು ತರಕಾರಿ ಊಟ ಕೊಡುತ್ತಾರೆ. ನಾವು ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋದರೆ ಮನೆಯಲ್ಲಿ ಸ್ಟೌ ಇದೆ, ಮೆಟ್ಟಿಲಿವೆ. ಏನಾದರೂ ಆದರೆ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ.

ನಿಮಗೆ ಥ್ಯಾಂಕ್ಸ್ ಹೇಳಬೇಕು. ಹಾಲಿನ ಪಾತ್ರೆ ಸುಟ್ಟಾಗ ನಾನು ಅದನ್ನು ಮರೆವು ಎಂದಷ್ಟೇ ಅಂದುಕೊಂಡಿದ್ದೆ. ಆ ದಿನ ಫೋನಿನಲ್ಲಿ ನೀವು, "ತಾಯಿ, ನಿಮ್ಮಪ್ಪ ಗೊಂಬೆ ಸಿಪಾಯಿಗಳು ತನ್ನ ಮಾತು ಕೇಳ್ತಿಲ್ಲ, ಒಲ್ಲೆ ಅಂತಾರೆ ಅಂತ ಬರ್ದಾನೆ. ತಲಿ ಹೋಗೇತಿ. ನೋಡ್ಕ" ಅಂತ ನೇರವಾಗಿ ಹೇಳಿದಿರಿ. ಬೇರೆ ಯಾರೂ ಹೇಳುತ್ತಿರಲಿಲ್ಲ. ಡಾಕ್ಟರಿಗೂ ಅದನ್ನೇ ಮೊದಲು ಹೇಳಿದೆ. ಅಪ್ಪನಿಗೆ ನಿಮ್ಮ ಹೆಸರು ಹೇಳಿಲ್ಲ, ಹೇಳುವುದೂ ಇಲ್ಲ.

ಸೋಲ್ಜರ್ಸ್ ಎಲ್ಲ ಈ ಬಾಕ್ಸಿನಲ್ಲಿದ್ದಾರೆ. ಹೋಮಿನಲ್ಲಿ ಇಡಲು ಬಿಡುವುದಿಲ್ಲ. ನಿಮ್ಮ ಹತ್ತಿರವೇ ಇರಲಿ.

ಆರತಿ


ಪೋರ್ಟರ್ ರ್ಯಾಂಚ್
೨೨ ಜನವರಿ ೨೦೨೩

ಆರತಿ ತಾಯಿಗೆ.

ನಿನ್ನ ಥ್ಯಾಂಕ್ಸ್ ನನಗೆ ಬೇಡ. ಪೂರ್ತಿ ಓದು, ಆಮೇಲೆ ಬೈಯುವುದಿದ್ದರೆ ಬೈಯಿ.

ಸಂಕ್ರಾಂತಿಗೆ ಮುಂಚೆ ದ್ರಾಕ್ಷಾಯಣಿ ಗ್ಯಾರೇಜು ಖಾಲಿ ಮಾಡು ಅಂದಳು. ಬಾಕ್ಸ್ ಬಿಚ್ಚಿದೆ. ಬಿಚ್ಚಿದವನು ಸುಮ್ಮನಿರಲಾಗದೆ ನೆಲದ ಮೇಲೆ ನಿಮ್ಮಪ್ಪ ಬರೆದಂತೆಯೇ ನಿಲ್ಲಿಸುತ್ತ ಹೋದೆ. ನನ್ನ ಕಡೆಯವರು ಉದ್ದಕ್ಕೆ. ನಿಮ್ಮಪ್ಪನ ಸೈನ್ಯದ ಬಲಗಡೆಯವರು ಮುಂದೆ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ. ವಿಕಾಸ್ ಕಾರು ಚಾರ್ಜಿಗೆ ಹಾಕಲು ಬಂದ.

"ಏನ್ ಮಾವಾ, ಎಡಗಡೆಯವ್ರು ಇನ್ನೂ ಬಾಕ್ಸಲ್ಲೇ ಮಲಗಿದಾರೆ? ಅವ್ರಿಗೆ ಇವತ್ತು ರಜಾನಾ?"

"ಅವರು ರಿಫ್ಯೂಸ್ ಮಾಡ್ಯಾರಂತ್ರಿ ಅಳಿಯಂದಿರೇ. ನಿಮ್ಮ ತಮ್ಮನ ವೀಸಾ ಆದಂಗೆ."

"ಯಾರ್ ಹೇಳಿದ್ದು?"

"ಬಾಲಣ್ಣ ಬರ್ದಿದ್ದ. ಪಾಪ, ಆಗ್ಲೇ ತಲಿ ಕೆಟ್ಟಿತ್ತು."

ಅವನು ಫೋನ್ ತೆಗೆದು ಏನೋ ಒತ್ತಿದ. ಓದಿದ. ಮತ್ತೆ ಓದಿದ. "ಮಾವಾ, ಬಾಲು ಅಂಕಲ್ ಕರೆಕ್ಟಾಗೇ ಬರ್ದಿದಾರೆ. ಸೈನ್ಯದಲ್ಲಿ ರಿಫ್ಯೂಸ್ ಅಂದ್ರೆ ಒಲ್ಲೆ ಅನ್ನೋದಲ್ಲ. ಒಂದು ಕಡೇನ ಬೇಕಂತಲೇ ಹಿಂದೆ ಹಿಡಿಯೋದು. ಶತ್ರು ಕೈಗೆ ಸಿಗದಂಗೆ. ನೋಡಿ, ಇದೇ ಯುದ್ಧ. ಎಡಗಡೆ ಕುದುರೆಯವ್ರು ಊರ ಮರೇಲಿ ನಿಂತಿದ್ರಂತೆ. ನಿಮ್ಮ ಕುದುರೆಯವ್ರು ನುಗ್ಗಿ ಬಂದಾಗ ಪಕ್ಕದಿಂದ ಬಿದ್ದು ಹೊಡೆದ್ರಂತೆ. ಗೆದ್ದಿದ್ದೇ ಅಲ್ಲಿ."

ದ್ರಾಕ್ಷಾಯಣಿ ಬಟ್ಟೆ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಆರತಿಗೆ ನೀ ಏನ್ ಹೇಳಿದ್ದಿ?" ಅಂದಳು. ನಾನು ಸಿಪಾಯಿಗಳನ್ನು ಬಾಕ್ಸಿಗೆ ತುಂಬತೊಡಗಿದೆ. ಅವಳು ಬುಟ್ಟಿ ಅಲ್ಲೇ ಇಟ್ಟು ಒಳಗೆ ಹೋದಳು.

ಈಗ ಗೊತ್ತಾಯಿತೇ? ನಿಮ್ಮಪ್ಪ ಬರೆದದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಓದಿದವನು ದಡ್ಡ. ಡಾಕ್ಟರಿಗೆ ಮಾಸ್ಕ್ ಇತ್ತಂತೆ, ನಿಮ್ಮಪ್ಪನಿಗೆ ತುಟಿ ಕಾಣಲಿಲ್ಲವಂತೆ. ಹಾಲು ಉಕ್ಕಿಸದವರು ಯಾರಿದ್ದಾರೆ? ನಮ್ಮ ವಿಕಾಸ್ ಮೊನ್ನೆ ಅನ್ನದ ಕುಕ್ಕರಿಗೆ ನೀರೇ ಹಾಕಿರಲಿಲ್ಲ. ಅವನನ್ನು ಯಾವ ಹೋಮಿಗೂ ಸೇರಿಸಿಲ್ಲ. ಬೇರೆ ಡಾಕ್ಟರಿಗೆ ತೋರಿಸು. ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಕೇಳಲು ಹೇಳು. ಆಗಲೂ ತಲೆ ಕೆಟ್ಟಿದೆ ಅಂದರೆ ನಾನು ಬಾಯಿ ಮುಚ್ಚುತ್ತೇನೆ.

ಕರಿಬಸಪ್ಪ


ಪೋರ್ಟರ್ ರ್ಯಾಂಚ್
೧೨ ಮಾರ್ಚ್ ೨೦೨೩

ಬಾಲಣ್ಣ,

ನನ್ನ ಹಿಂದಿನ ಎರಡು ಕಾಗದ ನೀವು ಒಡೆಯದೆ ಮೇಜಿನ ಮೇಲೆ ಇಟ್ಟಿದ್ದೀರಿ ಅಂತ ಆರತಿ ಹೇಳಿದಳು. ಅವುಗಳನ್ನು ಬಿಸಾಕಿ. ಅವುಗಳಲ್ಲಿ ಹವಾಮಾನ ಬಿಟ್ಟು ಏನೂ ಇಲ್ಲ. ಇದನ್ನು ಒಡೆಯಲೇಬೇಕು ಅಂತ ಲಕೋಟೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ.

ನಿಮ್ಮ ತಲೆ ಕೆಟ್ಟಿದೆ ಅಂತ ಆರತಿಗೆ ಹೇಳಿದವನು ನಾನು. ನಾನೇ. ನೀವು ಎಡ ರೆಕ್ಕೆ ರಿಫ್ಯೂಸ್ ಅಂತ ಬರೆದದ್ದನ್ನು ಸಿಪಾಯಿಗಳು ಒಲ್ಲೆ ಅಂದರು ಅಂತ ತಿಳಿದುಕೊಂಡೆ. ತಿಳಿಯದ ಮಾತನ್ನು ನಿಮ್ಮನ್ನೇ ಕೇಳಬಹುದಿತ್ತು. ಕೇಳಲಿಲ್ಲ, ನಿಮ್ಮ ಮಗಳಿಗೆ ಹೇಳಿದೆ.

ಇಷ್ಟು ಅವಳಿಗೂ ಗೊತ್ತು. ಅವಳಿಗೆ ಗೊತ್ತಿಲ್ಲದ್ದನ್ನು ಈಗ ಬರೆಯುತ್ತೇನೆ. ಅವಳು ಫೋನ್ ಮಾಡಿದ ಬೆಳಗ್ಗೆ ನಿಮ್ಮ ಕಾಗದ ಬಂದು ಒಂದು ತಾಸೂ ಆಗಿರಲಿಲ್ಲ. ಮತ್ತೆ ಬಳಿಯಿರಿ, ಗುಂಡಿ ಅಂಟಿಕೊಂಡಿವೆ ಅಂತ ಓದಿ ಮೈ ಉರಿಯುತ್ತಿತ್ತು. ಅವಳು, "ಅಪ್ಪ ಸರಿಯಾಗಿದಾರಾ ಅಂಕಲ್, ನಿಮಗೇನಾದ್ರೂ ಅನ್ಸುತ್ತಾ?" ಅಂದಳು. ನಿಮ್ಮ ಮೇಲಿನ ಕಾಳಜಿಯಿಂದ ನನ್ನ ಬಾಯಿ ಆಡಲಿಲ್ಲ. ನನ್ನ ಕೆಲಸದಲ್ಲಿ ತಪ್ಪು ಹುಡುಕಿದವನಿಗೆ ಒಂದು ಏಟು ಹಾಕಬೇಕಿತ್ತು, ಹಾಕಿದೆ. ಹಾಕುವಾಗ ಹಿತವಾಯಿತು. ಅದನ್ನೂ ಬರೆಯುತ್ತೇನೆ, ಹಿತವಾಯಿತು.

ಆಮೇಲೆ ನೀವು ಎರಡು ಸಾಲು ಬರೆಯಿರಿ ಅಂತ ಕೇಳಿದಿರಿ. ಆಗ ನೀವಿನ್ನೂ ಮನೆಯಲ್ಲಿದ್ದಿರಿ. ಬರೆದಿದ್ದರೆ ಅಲ್ಲೇ ಇರುತ್ತಿದ್ದಿರೇನೋ. ಬರೆದರೆ ಹೇಳಿದವನು ನಾನೇ ಅಂತ ನಿಮಗೆ ತಿಳಿದುಬಿಡುತ್ತದೆ ಅಂತ ಹೆದರಿದೆ. ನೆಗಡಿ ಗಿಗಡಿ ಏನೂ ಆಗಿರಲಿಲ್ಲ.

ಫೆಬ್ರವರಿಯಲ್ಲಿ ವಿಕಾಸನ ಜೊತೆ ನಿಮ್ಮಲ್ಲಿಗೆ ಬಂದೆನಲ್ಲ, ಇದನ್ನು ಹೇಳಬೇಕು ಅಂತಲೇ ಬಂದದ್ದು. ಬಾಗಿಲಲ್ಲಿ ನನಗೂ ಮಾಸ್ಕ್ ಕೊಟ್ಟರು. ನೀವು ಟಿವಿ ಎದುರಿನ ಕುರ್ಚಿ ನನಗೆ ಬಿಟ್ಟುಕೊಟ್ಟಿರಿ. ಪಕ್ಕದ ಹೆಂಗಸು ತನ್ನ ಚೀಲ ಹುಡುಕುತ್ತ ನಿಮ್ಮ ಜೇಬಿಗೆ ಕೈ ಹಾಕಿದರೂ ನೀವು ಸುಮ್ಮನೆ ಕೂತಿದ್ದಿರಿ. ಮೊದಲಿನ ಬಾಲಣ್ಣನಾಗಿದ್ದರೆ ಒಂದು ಚುರುಕು ಮಾತು ಹಾರಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಆರತಿಗೆ ಬರೆದಿರಾ?" ಅಂದಿರಿ. ನನಗೆ ಚೆನ್ನಾಗಿ ಕೇಳಿಸಿತು. ಕಿವಿಗೆ ಕೈ ಇಟ್ಟು, "ಆಂ? ಏನು?" ಅಂದೆ. ನಾನು ಕಿವುಡನಾದೆ, ಬಾಲಣ್ಣ. ನೀವು ಇನ್ನೊಂದು ಸಲ ಕೇಳಲಿಲ್ಲ. ಬರುವಾಗ ದಾರಿಯುದ್ದಕ್ಕೂ ವಿಕಾಸ್ ರೇಡಿಯೋ ಹಾಕಲಿಲ್ಲ.

ಈಗ ಕೆಲಸದ ಮಾತು. ಆರತಿ ನನ್ನ ಕಾಗದ ಓದಿ ಫೋನ್ ಮಾಡಿ ಅತ್ತಳು, ಬೈದಳು, ಮತ್ತೆ ಅತ್ತಳು. ಬೈದದ್ದು ಸರಿ. ಬೇರೆ ಡಾಕ್ಟರನ್ನು ಹುಡುಕಿದ್ದಾಳೆ. ಏಪ್ರಿಲ್ ಆರು, ಗುರುವಾರ. ಎಲ್ಲ ಪ್ರಶ್ನೆ ಕಾಗದದ ಮೇಲೆ ಬರೆದು ಕೊಡುತ್ತಾರೆ. ಅವರು ಸರಿ ಅಂದರೆ ನಿಮ್ಮನ್ನು ಮನೆಗೆ ಕರೆದುಕೊಂಡು ಹೋಗುತ್ತಾಳೆ, ನಿಮ್ಮ ಕೋಣೆಯನ್ನು ಯಾರಿಗೂ ಕೊಟ್ಟಿಲ್ಲ. ಆದರೆ ನೀವು ಎಲ್ಲದಕ್ಕೂ ಬೇಡ ಅನ್ನುತ್ತೀರಂತೆ. ಬೇಡ ಅಂತ ಚೀಟಿ ಬರೆದು ಅವಳ ಕೈಗೆ ಕೊಟ್ಟಿರಂತೆ. ನೀವು ಒಪ್ಪದೆ ಆ ಡಾಕ್ಟರು ನೋಡುವುದಿಲ್ಲ, ಈ ತಿಂಗಳು ಇಪ್ಪತ್ತೈದರ ನಂತರ ಆ ಹೊತ್ತನ್ನು ಬೇರೆಯವರಿಗೆ ಕೊಡುತ್ತಾರೆ.

"ನಾನ್ ಹೇಳಿದ್ರೆ ಕೇಳಲ್ಲ ಅಂಕಲ್. ಯಾರ್ ಹೇಳಿದ್ದು ಅಂತ ನಾನ್ ಹೇಳಲ್ಲ, ನೀವೇ ಬರೀರಿ" ಅಂದಳು ಆರತಿ. ಅದಕ್ಕೆ ಬರೆದೆ.

ಮಗಳ ಮೇಲೆ ಮುನಿಸು ಬೇಡ. ಅವಳು ನಂಬಿದ್ದು ನನ್ನನ್ನು. ನನ್ನ ಮೇಲಿನ ಸಿಟ್ಟಿಗೆ ಆ ಕುರ್ಚಿಯಲ್ಲೇ ಕೂತುಬಿಡುತ್ತೇನೆ ಅಂದರೆ ನಷ್ಟ ನಿಮ್ಮದು. ನನ್ನ ಮುಖ ನೋಡಬೇಡಿ, ನನ್ನ ಜೊತೆ ಮಾತು ಬೇಡ, ಕಾಗದ ಬೇಡ, ಯುದ್ಧವೂ ಬೇಡ. ಕ್ಷಮಿಸಿ ಅಂತ ಕೇಳಲು ಇದನ್ನು ಬರೆದಿಲ್ಲ. ಅದು ಆಮೇಲಿನ ಮಾತು, ಇಲ್ಲದಿದ್ದರೂ ನಡೆಯುತ್ತದೆ. ಡಾಕ್ಟರ ಹತ್ತಿರ ಹೋಗಬೇಕು, ಅಷ್ಟೆ.

ಅಂಚೆಚೀಟಿ ಅಂಟಿಸಿ ನನ್ನ ವಿಳಾಸ ಬರೆದ ಲಕೋಟೆ ಒಳಗಿದೆ. ಬೈಗುಳ ಎಷ್ಟು ಬೇಕಾದರೂ ಬರೆಯಿರಿ. ಕೊನೆಯಲ್ಲಿ ಹೋಗುತ್ತೇನೆ ಅಥವಾ ಹೋಗುವುದಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಮಾರ್ಚ್ ಇಪ್ಪತ್ನಾಲ್ಕರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಕರಿಬಸಪ್ಪ